ಅರವತ್ತು ಮುಗಿಸಿ ಬಂದ ಮೇಲೆ

ಅರವತ್ತು ಕಿಲೋಮೀಟರಿನ ಕುದುರೆ ಸವಾರಿ ಸ್ಪರ್ಧೆಗೆ ಬಿಳಿ ಕುದುರೆಯನ್ನೇ ಕೊಳ್ಳಬೇಕೆಂದು ಪದ್ಮಶ್ರೀ ಯಲಹಂಕದಾಚೆ ಬಾಲರಾಜನ ಲಾಯಕ್ಕೆ ಬಂದಿದ್ದಳು. ಕುದುರೆ ಪರೀಕ್ಷಿಸಲು ಹೆಬ್ಬಾಳದಿಂದ ಬಂದಿದ್ದ ಪಶುವೈದ್ಯ ವಿಜಯಕುಮಾರ, ಧಾರವಾಡದ ಕಡೆಯವನು, ಮೂಲೆಯ ಕಂದು ಹೆಣ್ಣುಕುದುರೆಯತ್ತ ಕೈ ತೋರಿಸಿದ.

"ಅದಾ? ನೋಡೋಕೆ ಏನೂ ಚೆನ್ನಾಗಿಲ್ಲ."

"ಅರವತ್ತು ಕಿಲೋಮೀಟರ್ ಓಡಾಕ ಚೆಲುವಿ ಯಾಕ್ ಬೇಕ್ರಿ? ಗೊರಸು ಗಟ್ಟಿ ಅದಾವ. ಓಡಿ ನಿಂತ ಮ್ಯಾಲ ಎದೆಬಡಿತ ಲಗೂನ ಇಳೀತದ. ಅಷ್ಟ ಸಾಕು."

ನಲವತ್ತು ವರ್ಷ ದಾಟಿದ್ದ ಪದ್ಮಶ್ರೀಗೆ ಅದು ತನ್ನ ಕುರಿತೂ ಹೇಳಿದಂತೆ ಕೇಳಿಸಿ ಸಿಟ್ಟು ಬಂತು. ಆಮೇಲೆ ನಗು ಬಂತು. ಕಂದು ಕುದುರೆಯನ್ನೇ ಕೊಂಡು ರಾಗಿ ಎಂದು ಹೆಸರಿಟ್ಟಳು.

ಎಂಟು ತಿಂಗಳ ತಯಾರಿ. ಮೊದಲು ಬರೀ ನಡಿಗೆ, ನಂತರ ನಿಧಾನದ ಓಟ, ವಾರವಾರಕ್ಕೂ ಕೊಂಚ ಹೆಚ್ಚು ದೂರ. ಭಾನುವಾರ ವಿಜಯಕುಮಾರ ಬಂದು ರಾಗಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಎಣಿಸುತ್ತಿದ್ದ. ಆ ಒಂದು ನಿಮಿಷ ಅವನ ಮುಖವನ್ನು ಅವಳು ಅಂಜಿಕೆಯಿಲ್ಲದೆ ನೋಡಬಹುದಿತ್ತು.

ಸ್ಪರ್ಧೆಯ ಹಿಂದಿನ ಭಾನುವಾರ ಅವನು ಕೇಳಿದ: "ನನ್ನ ಜೋಡಿ ಬಾಳ್ತೀರೇನು, ಪದ್ಮಶ್ರೀ?"

ಮುರಿದ ಮದುವೆಯೊಂದು ಅವಳ ಹಿಂದಿತ್ತು. ಶುರುಮಾಡಿದ ಏನನ್ನೂ ಇವಳು ಮುಗಿಸುವುದಿಲ್ಲ ಎಂದು ಆ ಮನೆಯವರು ಅಂದದ್ದು ಇನ್ನೂ ಚುಚ್ಚುತ್ತಿತ್ತು. "ಅರವತ್ತು ಮುಗಿಸಿ ಬಂದ್ಮೇಲೆ ಹೇಳ್ತೀನಿ," ಎಂದಳು.

ಸ್ಪರ್ಧೆಯ ದಿನ ಇಪ್ಪತ್ತು ಕಿಲೋಮೀಟರಿಗೊಮ್ಮೆ ತಪಾಸಣೆ, ವೈದ್ಯ ಅವನೇ. ಕುಂಟುವ ಕುದುರೆ ಅಲ್ಲಿಗೇ ಸ್ಪರ್ಧೆಯಿಂದ ಹೊರಗೆ. ನಲವತ್ತು ಸಮೀಪಿಸುವಾಗ ರಾಗಿಯ ಎಡ ಹಿಂಗಾಲು ತುಸು ತಡವರಿಸಿದ್ದು ಅವಳಿಗೆ ತಿಳಿಯಿತು. ಇಳಿಯಲಿಲ್ಲ. ಅವನಿಗೆ ಕಾಣದಿರಲಿ ಎಂದು ಬೇಡಿಕೊಂಡಳು.

ಎದೆಬಡಿತ ಸರಿಯಿತ್ತು. "ಓಡಿಸ್ರಿ," ಎಂದ. ಅವಳು ಲಗಾಮು ಹಿಡಿದು ಪಕ್ಕದಲ್ಲೇ ಓಡಿದಳು.

"ಇನ್ನೊಮ್ಮೆ."

ಓಡಿದಳು. ಅವನು ಕೈಯಲ್ಲಿದ್ದ ತಪಾಸಣೆಯ ಕಾಗದದಲ್ಲಿ ಅಡ್ಡಗೆರೆ ಎಳೆದ.

"ಇಲ್ಲಿಗೆ ಸಾಕ್ರಿ. ಕುಂಟತದ."

"ಏನ್ ಡಾಕ್ಟ್ರೇ, ನಿಮ್ಮೋರ್ನೂ ಬಿಡಲ್ವಾ?" ಎಂದು ಸ್ಪರ್ಧೆ ನೋಡಲು ಬಂದಿದ್ದ ಲಾಯದ ಬಾಲರಾಜ ನಕ್ಕ. ಬೇರೆ ಯಾರೂ ನಗಲಿಲ್ಲ.

ಹೊಂಗೆಯ ನೆರಳಲ್ಲಿ ಅವಳು ರಾಗಿಯ ಕಾಲಿಗೆ ತಣ್ಣೀರು ಸುರಿಯುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಂಗೆ ಮೂರು ಕಿಲೋಮೀಟರ್ ಹಿಂದೇನೇ ಗೊತ್ತಾಗಿತ್ತು," ಎಂದಳು, ತಲೆಯೆತ್ತದೆ. "ಮುಚ್ಚಿಟ್ಟೆ."

"ದೂರದಿಂದ ಬರೂವಾಗನ ಕಂಡಿತ್ತು. ಆ ಕಾಲಿಗೆ ಭಾರ ಬೀಳಬಾರದಂತ ಬಲಕ್ಕ ವಾಲಿ ಕುಂತಿದ್ರಿ."

ಹಾಗೆ ಕೂತಿದ್ದು ಅವಳಿಗೇ ಗೊತ್ತಿರಲಿಲ್ಲ.

"ಅರವತ್ತು ಮುಗೀದೆ ಇದ್ರೆ ನನ್ನಿಂದ ಉತ್ತರ ಇಲ್ಲ ಅಂತ ಗೊತ್ತಿದ್ದೂ ನಿಲ್ಲಿಸಿದ್ರಾ?"

"ಹೂನ್ರಿ." ಅವನು ರಾಗಿಯ ಕಾಲು ಸವರಿ ಹೇಳಿದ: "ಮೂರು ತಿಂಗಳು ವಿಶ್ರಾಂತಿ ಕೊಡ್ರಿ. ಆಮ್ಯಾಲ ನಡಿಗೆಯಿಂದ ಸುರು ಮಾಡೋಣು."

ಅವಳು ಒದ್ದೆ ಕೈಯನ್ನು ಅವನ ಕೈಮೇಲಿಟ್ಟಳು.

"ರಾಗಿಗೆ ವಿಶ್ರಾಂತಿ ಕೊಡೋಣ," ಎಂದಳು. "ನೀವು ಮಾತ್ರ ನನ್ನ ಉತ್ತರಕ್ಕೆ ಕಾಯೋದು ಬೇಡ. ಬಾಳ್ತೀನಿ."