ನಾಳೆ ಬೆಟ್ಟ ಕಾಣುತ್ತೆ

"ಅಣ್ಣಾ! ಯಾರಾದ್ರೂ ಇದೀರಾ? ನೀರು ನಿಂತ್ಹೋಯ್ತು!"

ಸೊಂಟಕ್ಕೆ ಟವಲ್, ತಲೆ ತುಂಬ ಸೋಪಿನ ನೊರೆ, ಬಿಗಿಯಾಗಿ ಮುಚ್ಚಿದ ಕಣ್ಣು... ಮಹಡಿಯ ಗೋಡೆ ತಡವುತ್ತ ಬರುತ್ತಿದ್ದ ಆ ಗಂಡಸನ್ನು ನೋಡಿ ಅವಳ ಕೈಯಲ್ಲಿದ್ದ ಬಿಸಿನೀರಿನ ಬಕೆಟ್ ತುಳುಕಿತು.

ನಗಬಾರದು... ನಗಬಾರದು... ಗಿರಾಕಿ ದೇವರಿದ್ದಂತೆ ಎಂದು ಅಪ್ಪ ದಿನಾ ಹೇಳುತ್ತಾರೆ. ಆದರೆ ಈ ದೇವರ ಕಿವಿಯಿಂದ ನೊರೆ ಇಳಿಯುತ್ತಿದೆಯಲ್ಲ!

"ಅಣ್ಣ ಅಲ್ಲ," ಎಂದಳು ನಗು ನುಂಗಿಕೊಂಡು. "ಅಲ್ಲೇ ನಿಲ್ಲಿ. ಮುಂದೆ ಮೆಟ್ಟಿಲಿದೆ."

ಹೆಣ್ಣು ದನಿ ಕೇಳಿ ಅವನು ಗಕ್ಕನೆ ನಿಂತ. ಟವಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಯ್ಯೋ, ಸಾರಿ ಮೇಡಂ! ನೀವೂ ಗೆಸ್ಟಾ?"

"ಅಲ್ಲ, ಹೋಟೆಲ್ ನಮ್ಮದೇ. ಚಳಿಗೆ ಪೈಪಲ್ಲಿ ನೀರು ಕಟ್ಕೊಂಡಿದೆ. ಕೈ ಚಾಚಿ, ಬಕೆಟ್ ಕೊಡ್ತೀನಿ."

"ನಾನು ಕೈ ಚಾಚಿದ್ರೆ ಟವಲ್ ಯಾರು ಹಿಡ್ಕೋತಾರೆ?"

ಮುಗೀತು! ಅವಳು ಬಕೆಟ್ ಕೆಳಗಿಟ್ಟು, ಬಾಯಿಗೆ ಸೆರಗಡ್ಡ ಹಿಡಿದು, ಮೆಟ್ಟಿಲು ಇಳಿದು ಓಡಿದಳು. ಅಡುಗೆಮನೆಯಲ್ಲಿ ಸೋದರತ್ತೆ, "ಏನೇ ಪುಟ್ಟಿ, ಹುಚ್ಚು ಹಿಡೀತಾ?" ಎಂದರೂ ಅವಳ ನಗು ನಿಲ್ಲಲಿಲ್ಲ.

ಅರ್ಧ ಗಂಟೆಯ ಬಳಿಕ ಅವನು ಒದ್ದೆ ತಲೆಯಲ್ಲೇ ಕೌಂಟರಿಗೆ ಬಂದ. ಕಣ್ಣು ತೆರೆದಾಗ ಮನುಷ್ಯ ಚೆನ್ನಾಗಿಯೇ ಇದ್ದ. ದೂರದ ಊರಲ್ಲಿ ಹಲ್ಲಿನ ಡಾಕ್ಟರಂತೆ. ವರ್ಷಗಳ ನಂತರ ರಜೆ ಹಾಕಿ, ಕಿಟಕಿಯಿಂದ ಹಿಮದ ಬೆಟ್ಟ ನೋಡಬೇಕೆಂದು ಬಂದಿದ್ದ. ಕಿಟಕಿಯ ಆಚೆ ಮಂಜು ಬಿಟ್ಟು ಬೇರೇನೂ ಇರಲಿಲ್ಲ.

"ಬೆಟ್ಟ ಯಾವಾಗ ಕಾಣುತ್ತೆ?"

"ನಾಳೆ ಖಂಡಿತ ಕಾಣುತ್ತೆ ಸಾರ್!" ಎಂದಳು ಅವಳು ಕೌಂಟರಿನ ಹಿಂದಿನಿಂದ.

ಸುಳ್ಳು! ಹಸಿ ಹಸಿ ಸುಳ್ಳು! ಅಡುಗೆಮನೆಯ ಹೊಗೆ ಮೇಲೇರದೆ ಕಣಿವೆಯ ಕಡೆ ಇಳಿಯಿತೆಂದರೆ ವಾರವಾದರೂ ಮಂಜು ಕದಲುವುದಿಲ್ಲ. ಇದು ಅಪ್ಪನಿಗೂ ಗೊತ್ತು, ಮಗಳಿಗೂ ಗೊತ್ತು. ಆದರೂ ಗಿರಾಕಿ ಕೇಳಿದರೆ 'ನಾಳೆ' ಎನ್ನಬೇಕು. ಆರೇ ಕೋಣೆಯ ಹೋಟೆಲು, ಒಂದು ರಾತ್ರಿ ಹೆಚ್ಚು ಉಳಿದರೆ ಒಲೆ ಉರಿಯುತ್ತದೆ. ಓದು ಮುಗಿಸಿ ಅವಳು ಕೌಂಟರಿನ ಕುರ್ಚಿಯಲ್ಲಿ ಕೂತ ದಿನ ಅಪ್ಪ ಕಲಿಸಿದ ಮೊದಲ ಪಾಠವೇ ಇದು.

ಆ ಕುರ್ಚಿಯೆಂದರೆ ಅವಳಿಗೆ ಪ್ರಾಣ. ಬಂದವರ ಮುಖ ನೋಡಿಯೇ ಯಾರಿಗೆ ಹೆಚ್ಚು ಕಂಬಳಿ ಬೇಕು, ಯಾರು ಜಗಳ ಆಡಿಕೊಂಡು ಬಂದಿದ್ದಾರೆ ಎಂದು ಹೇಳಿಬಿಡುತ್ತಿದ್ದಳು.

ಮರುದಿನ ಬೆಟ್ಟ ಕಾಣಲಿಲ್ಲ. ಅದರ ಮರುದಿನವೂ ಇಲ್ಲ. ಅಷ್ಟರಲ್ಲಿ ಅಪ್ಪನ ದವಡೆ ಊದಿಕೊಂಡಿತು. ಡಾಕ್ಟರ್ ಅಪ್ಪನನ್ನು ಕೆಳಗಿನ ಬೀದಿಯ ಆಸ್ಪತ್ರೆಗೆ ಕರೆದೊಯ್ದು, ಸಲಕರಣೆ ಕೇಳಿ ಪಡೆದು, ತಾನೇ ಹಲ್ಲು ಕಿತ್ತ.

"ನೋವಾಗಲ್ಲ ತಾನೇ ಡಾಕ್ಟ್ರೇ?"

"ಆಗುತ್ತೆ ಯಜಮಾನ್ರೇ. ಸುಳ್ಳು ಯಾಕೆ ಹೇಳ್ಲಿ? ಗಟ್ಟಿಯಾಗಿ ಕೂತ್ಕೊಳ್ಳಿ."

ಅಪ್ಪನಿಗೆ ಆ ಮಾತೇ ಹಿಡಿಸಿಬಿಟ್ಟಿತು. ಮಗಳಿಗೆ? ಅವಳಿಗೆ ಅಷ್ಟರಲ್ಲಾಗಲೇ ಎಲ್ಲವೂ ಹಿಡಿಸಿತ್ತು... ಅವನು ಟೀ ಲೋಟ ತಾನೇ ತೊಳೆದಿಡುವುದು, ಅತ್ತೆಯ ಕೊಂಕಿಗೆ ತಿರುಗಿ ಕೊಂಕು ಹಾಕುವುದು, ಅವಳು ಮಾತಾಡುವಾಗ ಫೋನ್ ಮಗುಚಿಡುವುದು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಅವಳು ಒಣಗದ ಹಾಸಿಗೆಯ ಬಟ್ಟೆಗಳನ್ನು ಮಗುಚುತ್ತಿದ್ದಾಗ ಅವನು ಮತ್ತೆ ಕೇಳಿದ. "ನಾಳೆ ಕಾಣುತ್ತಾ?"

ಅವಳ ಬಾಯಿಗೆ ಬಂದ ಸುಳ್ಳು ಅಲ್ಲೇ ನಿಂತಿತು.

"ಇಲ್ಲ. ಕಾಣಲ್ಲ... ನಿಮ್ಮ ಹತ್ರ ಸುಳ್ಳು ಹೇಳೋಕೆ ಮನಸ್ಸು ಬರ್ತಿಲ್ಲ." ಹೊಗೆಯ ಕಥೆ, ಅಪ್ಪನ ಪಾಠ, ಎಲ್ಲ ಹೇಳಿಬಿಟ್ಟಳು. "ಇದು ಮನೆ ಗುಟ್ಟು. ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಪ್ಲೀಸ್."

"ಬಿಡಲ್ಲ." ಒದ್ದೆ ಬಟ್ಟೆಯ ಇನ್ನೊಂದು ತುದಿ ಹಿಡಿದು ಕೇಳಿದ. "ಹಾಗಾದ್ರೆ ನಾನು ಊರಿಗೆ ಹೊರಡ್ಬೇಕಾ?"

"ಹೊರಡಿ ಅಂತ ನಿಮಗೆ ಯಾರು ಹೇಳಿದ್ರು?"

ಅವಳು ಮುಖ ಬಟ್ಟೆಯ ಮರೆಗೆ ಸರಿಸಿದಳು. ಅವನು ಹೊರಡಲಿಲ್ಲ.

ಆ ದಿನಗಳು ಎಷ್ಟು ಚೆನ್ನಾಗಿದ್ದವು! ಅದಕ್ಕೇ ಇರಬೇಕು, ಪೆಟ್ಟು ಅಷ್ಟು ಜೋರಾಗಿ ಬಿದ್ದದ್ದು.

ಒಂದು ಬೆಳಿಗ್ಗೆ ಅತ್ತೆ ಫೋನ್ ಹಿಡಿದುಕೊಂಡು ಓಡಿ ಬಂದರು. "ಪುಟ್ಟೀ, ನಮ್ಮ ಹೋಟೆಲ್ ಬಗ್ಗೆ ಯಾರೋ ಏನೇನೋ ಬರ್ದಿದಾರೆ ನೋಡೇ!"

ಹೆಸರಿರಲಿಲ್ಲ. 'ಇಲ್ಲಿ ಹೇಳುವುದೆಲ್ಲ ಮೋಸ. ಅಡುಗೆಮನೆ ಹೊಗೆ ನೋಡಿದರೇ ಇವರಿಗೆ ಮಂಜು ಹೋಗಲ್ಲ ಅಂತ ಗೊತ್ತಾಗುತ್ತೆ. ಆದರೂ ನಾಳೆ ನಾಳೆ ಅಂತ ಗಿರಾಕಿಗಳನ್ನು ಹಿಡಿದಿಡುತ್ತಾರೆ. ಮಾಲೀಕರ ಮಗಳೇ ಒಪ್ಪಿಕೊಂಡ ಮಾತು ಇದು!'

ಹೊಗೆಯ ಮಾತು ಅವಳು ಹೇಳಿದ್ದು ಒಬ್ಬನಿಗೆ. ಒಬ್ಬನಿಗೇ!

ಅವನ ಕೋಣೆಯ ಬಾಗಿಲು ತಳ್ಳಿ ಫೋನನ್ನು ಮುಖಕ್ಕೆ ಹಿಡಿದಳು. ಅವನು ಓದಿದ. ಮುಖ ಬಿಳಿಚಿಕೊಂಡಿತು.

"ಒಂದು ನಿಮಿಷ ನನ್ನ ಮಾತು..."

"ಏನು ಮಾತು? ನಂಬಿಸಿ ಕತ್ತು ಕೊಯ್ದ ಮೇಲೆ ಏನು ಮಾತು ರೀ? ಆ ಗುಟ್ಟು ನಿಮ್ಮ ಬಾಯಿಂದ ಹೊರಗೆ ಬಿತ್ತೋ ಇಲ್ವೋ? ಹೇಳಿ!"

ಅವನು ತಲೆ ತಗ್ಗಿಸಿದ.

ಅಷ್ಟು ಸಾಕಾಗಿತ್ತು. ಅವನ ಚೀಲವನ್ನು ಅವಳೇ ಎತ್ತಿ ಹೊರಗಿಟ್ಟಳು. ಅವನು ಕೈಮುಗಿದು ಇಳಿದು ಹೋದ. ಆಮೇಲೆ ಅವನ ಫೋನ್ ಬಂದಾಗಲೆಲ್ಲ ಕಟ್ ಮಾಡಿದಳು. ಕೊನೆಗೆ ಆ ನಂಬರನ್ನೇ ಬ್ಲಾಕ್ ಮಾಡಿಬಿಟ್ಟಳು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು!

"ಮನೆ ಮರ್ಮಾನ ನಿನ್ನೆ ಮೊನ್ನೆ ಬಂದೋನಿಗೆ ಹೇಳಿದೆಯಲ್ಲಮ್ಮ..." ಎಂದರು ಅಷ್ಟೇ. "ನಾಳೆಯಿಂದ ಕೌಂಟರ್ ನಾನು ನೋಡ್ಕೋತೀನಿ. ನೀನು ಹಿಂದೆ ಬಟ್ಟೆ ನೋಡ್ಕೋ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳಿಗೆ ಎರಡೂ ಹೋಗಿದ್ದವು. ಬಂದ ಬುಕಿಂಗುಗಳು ರದ್ದಾದವು. ಬಂದ ಒಬ್ಬಿಬ್ಬರು ಗಿರಾಕಿಗಳು ಕೌಂಟರಿನಲ್ಲಿ ಅಪ್ಪನನ್ನೇ ಕಿಚಾಯಿಸುತ್ತಿದ್ದರು. "ಇವತ್ತು ಹೊಗೆ ಯಾವ ಕಡೆ ಸ್ವಾಮಿ?" ಅಪ್ಪ ತಲೆ ಎತ್ತುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ದಿಂಬಿಗೆ ಕವರು ಹಾಕುತ್ತ ಅವಳು ಬಿಕ್ಕುತ್ತಿದ್ದಳು.

ಯಾಕೆ ಹೀಗೆ ಮಾಡಿದ? ನನ್ನ ಪ್ರೀತಿ ಅವನಿಗೆ ತಮಾಷೆಯಾಗಿತ್ತಾ?

ಚಳಿಗಾಲ ಕಳೆಯಿತು. ಒಂದು ಸಂಜೆ ಒಗೆದ ಬಟ್ಟೆಯ ಹೊರೆ ಹೊತ್ತು ಮೆಟ್ಟಿಲು ಇಳಿಯುತ್ತಿದ್ದವಳಿಗೆ ಕೌಂಟರಿನ ಹತ್ತಿರ ಆ ದನಿ ಕೇಳಿಸಿತು. ಕಾಲು ಅಲ್ಲೇ ನಿಂತಿತು.

"ಯಜಮಾನ್ರೇ, ಬರ್ದಿದ್ದು ನಾನಲ್ಲ. ಆದ್ರೆ ಬಾಯಿ ಬಿಟ್ಟಿದ್ದು ನಾನೇ."

ಅವನು ನಿಂತೇ ಹೇಳಿದ. "ಎರಡನೇ ಕೋಣೇಲಿ ಹೊಸದಾಗಿ ಮದುವೆ ಆದವರು ಇದ್ರಲ್ಲ, ಆ ಹುಡುಗ ರಜೆ ಮುಗಿದ ತಕ್ಷಣ ಕಡಲಾಚೆ ಕೆಲಸಕ್ಕೆ ಹೋಗೋನಿದ್ದ. ಉಳಿದಿದ್ದೇ ಎರಡು ದಿನ. ಇನ್ನೊಂದು ಊರಿಗೆ ಹೋಗೋಣ ಅಂತ ಅವಳು, ನಾಳೆ ಕಾಣುತ್ತಂತೆ ಇಲ್ಲೇ ಇರೋಣ ಅಂತ ಅವನು. ಅವಳು ಅಳ್ತಿದ್ಲು. ನನಗೆ ತಡೀಲಿಲ್ಲ. ನಿಮ್ಮ ಮಗಳು ಹೇಳಿದ್ದನ್ನ ಹೇಳಿಬಿಟ್ಟೆ. ಅವರು ಬರೀತಾರೆ ಅಂತ ಗೊತ್ತಿರ್ಲಿಲ್ಲ. ಹುಡುಕ್ಕೊಂಡು ಹೋಗಿ ಅಳಿಸಿ ಅಂತ ಕೇಳ್ದೆ. ನಿಜ ತಾನೇ, ಯಾಕೆ ಅಳಿಸ್ಬೇಕು ಅಂದ್ರು."

ಬಟ್ಟೆಯ ಹೊರೆ ಅವಳ ಕೈಯಿಂದ ಜಾರಿತು. ಆ ಹುಡುಗಿಯ ಮುಖ ನೆನಪಿಗೆ ಬಂತು. 'ನಾಳೆ ಖಂಡಿತ ಕಾಣುತ್ತೆ ಮೇಡಂ' ಎಂದು ಅವಳಿಗೆ ನಗುನಗುತ್ತ ಹೇಳಿದ್ದು ತಾನೇ ಅಲ್ಲವೇ!

"ಮಗಳ ತಪ್ಪಿಲ್ಲ," ಎಂದ ಅವನು. "ಬೈಯೋದಾದ್ರೆ ನನ್ನ ಬೈಯಿರಿ."

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಹಲ್ಲು ಕೀಳುವಾಗ ಹೇಳಿ ಕಿತ್ರಿ ಡಾಕ್ಟ್ರೇ. ನಮ್ಮ ಮಾನಾನ ಹೇಳದೇ ಕಿತ್ತುಬಿಟ್ರಿ." ಕನ್ನಡಕ ಮತ್ತೆ ಹಾಕಿಕೊಂಡರು. "ಆದ್ರೂ ಸುಳ್ಳು ಕಲಿಸಿದೋನು ನಾನು. ಮಾನ ಹೋಯ್ತು ಅಂತ ಮಗಳನ್ನ ಹಿಂದೆ ಕೂರಿಸಿದ್ದೂ ನಾನೇ. ಪುಟ್ಟೀ... ಮೆಟ್ಟಿಲ ಮೇಲೆ ನಿಂತು ಕದ್ದು ಕೇಳಿದ್ದು ಸಾಕು, ಬಾ. ಈ ಕುರ್ಚಿ ನಿಂದು. ಬಂದವರಿಗೆ ಏನು ಹೇಳ್ಬೇಕೋ ಇನ್ಮೇಲೆ ನೀನೇ ನೋಡ್ಕೋ."

ಅವರು ಎದ್ದು ಒಳಗೆ ನಡೆದರು. ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದ ಅತ್ತೆಯನ್ನೂ ಎಳೆದುಕೊಂಡು ಹೋದರು.

ಅವಳು ಕುರ್ಚಿಯ ಹತ್ತಿರ ಬಂದಳು, ಕೂರಲಿಲ್ಲ. ಕಣ್ಣು ತುಂಬಿತ್ತು, ಸಿಟ್ಟೂ ತುಂಬಿತ್ತು.

"ಅವಳ ಅಳು ನೋಡೋಕಾಗ್ಲಿಲ್ಲ ನಿಮಗೆ. ಸರಿ. ನನ್ನ ಅಳು?"

ಹೆಜ್ಜೆ ಮುಂದಿಟ್ಟ ಅವನನ್ನು ಅವಳು ಕೈ ಅಡ್ಡ ಹಿಡಿದು ತಡೆದಳು.

"ಅವರಿಗೆ ಹೇಳೋಕೆ ಮುಂಚೆ ನನ್ನ ಹತ್ರ ಬರ್ಬೇಕಿತ್ತು. 'ಏ, ನೀನು ಮಾಡ್ತಿರೋದು ತಪ್ಪು' ಅಂತ ಜಗಳ ಆಡ್ಬೇಕಿತ್ತು! ನಾನೇ ಹೋಗಿ ಅವರಿಗೆ ನಿಜ ಹೇಳ್ತಿದ್ದೆ. ಅಷ್ಟೂ ನಂಬಿಕೆ ಇರ್ಲಿಲ್ವಾ ನನ್ನ ಮೇಲೆ?"

"ಭಯ ಇತ್ತು," ಎಂದ ಅವನು ಮೆಲ್ಲಗೆ. "ಜಗಳ ಆಡಿದ್ರೆ ನೀವು ಹೊರಡಿ ಅಂತೀರೇನೋ ಅಂತ. ನಿಮ್ಮನ್ನ ಕಳ್ಕೊಳ್ಳೋ ಭಯಕ್ಕೆ ನಿಮ್ಮ ಬೆನ್ನ ಹಿಂದೆ ಹೋದೆ. ನಾನು ಮಾಡಿದ್ದು ಮೋಸಾನೇ. ಬೇರೆ ಹೆಸರಿಲ್ಲ ಅದಕ್ಕೆ."

ಸಬೂಬು ಹೇಳುತ್ತಾನೆ ಎಂದುಕೊಂಡಿದ್ದಳು. ಹೇಳಲಿಲ್ಲವಲ್ಲ! ಇಷ್ಟು ತಿಂಗಳು ಎದೆಯ ಮೇಲೆ ಕೂತಿದ್ದ ಭಾರ ಸ್ವಲ್ಪ ಅಲುಗಿತು.

"ಇದನ್ನ ಹೇಳೋಕಷ್ಟೇ ಬಂದ್ರಾ?"

"ಅಲ್ಲ. ನಿಮ್ಮನ್ನ ಪ್ರೀತಿಸ್ತೀನಿ ಅನ್ನೋಕೂ ಬಂದೆ. ನೀವು ಬೇಡ ಅಂದ್ರೆ ಬೆಳಿಗ್ಗೆ ಬಸ್ಸಿದೆ, ಹೋಗ್ತೀನಿ."

"ಹೋಗ್ತಾರಂತೆ! ಬೆನ್ನು ತಿರುಗಿಸಿ ಹೋಗೋದು ಒಂದು ಚೆನ್ನಾಗಿ ಕಲ್ತಿದೀರ!" ಅವಳು ಕೆನ್ನೆ ಒರೆಸಿಕೊಂಡಳು. "ಕೇಳಿ. ನಂಗೆ ಇನ್ನೂ ಸಿಟ್ಟಿದೆ. ಬೇಗ ಹೋಗಲ್ಲ ಅದು. ಪ್ರೀತೀನೂ ಇದೆ, ಹಾಳಾದ್ದು ಅದೂ ಹೋಗ್ತಿಲ್ಲ. ಎರಡನ್ನೂ ತಡ್ಕೊಳ್ಳೋ ಶಕ್ತಿ ಇದೆಯಾ ನಿಮಗೆ?"

"ಇದೆ."

"ದಿನಾ ಜಗಳ ಆಡ್ತೀನಿ."

"ಆಡಿ. ನಾನೂ ಆಡ್ತೀನಿ. ನಿಮ್ಮ ಎದುರಿಗೇ ನಿಂತು."

ಅವಳು ಅವನ ಕೈ ಹಿಡಿದು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡಳು.

"ಹಾಗಾದ್ರೆ ಇರಿ," ಎಂದಳು.