ಚೆನ್ನೆಮಣೆಯಲ್ಲಿ ಫ್ರೆಂಚ್ ಪಾಠ

“ಪಾರ್ಲೊಂ. ಅಂದ್ರೆ, ಮಾತಾಡುವ,” ಎಂದ ಶಂಭು.

“ಮಾತಾಡುವ, ಮಾಸ್ಟ್ರೇ. ಬೇಡ ಅಂದವರು ಯಾರು?” ಎಂದಳು ರಾಜೀವಿ.

ಅವನು ನಗಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ರಾಜೀವಿಗೆ ಇಡೀ ದಿನಕ್ಕೆ ಅಷ್ಟು ಸಾಕಾಯಿತು.

೧೯೫೯ರ ಬಂಟ್ವಾಳದಲ್ಲಿ ಫ್ರೆಂಚ್ ಯಾರಿಗೆ ಬೇಕಿತ್ತು ಹೇಳಿ! ಸೋದರಮಾವ ಮುಂಡಪ್ಪಣ್ಣನಿಗೆ ಬೇಕಿತ್ತು. “ಕಲಿ, ಒಳ್ಳೆಯದಾಗ್ತದೆ,” ಎಂದು, ಪಾಂಡಿಚೇರಿಯಲ್ಲಿ ಓದಿದ ಮೂಡಬಿದ್ರೆಯ ಶಂಭುವನ್ನು ಮನೆಗೇ ಕರೆಸಿದ. ಕರಿಹಲಗೆ ಇರಲಿಲ್ಲ. ಶಂಭು ಬೀಜ ಹಾಕಿ ಆಡುವ ಗುಳಿಗಳ ಚೆನ್ನೆಮಣೆಯನ್ನೇ ಮುಂದಿಟ್ಟುಕೊಂಡ. ಫ್ರೆಂಚ್ ಅಕ್ಷರಕ್ಕೊಂದು ಬೀಜ: ಕ್ರಿಯಾಪದದ ಬುಡಕ್ಕೆ ಕರಿಯದು, ಬಾಲಕ್ಕೆ ಕೆಂಪು ಮಂಜೊಟ್ಟಿ. ಒಂದೇ ಉಸಿರಿಗೆ ಬರುವಷ್ಟು ಅಕ್ಷರ ಒಂದು ಗುಳಿಗೆ.

“ಪಾರ್, ಲೊಂ. ಎರಡು ಗುಳಿ. ಬುಡದ್ದು ನಾಲ್ಕು ಕರಿ: ಪಿ, ಎ, ಆರ್, ಎಲ್. ಕೊನೆಯ ಎಲ್ ತನ್ನವರನ್ನು ಬಿಟ್ಟು ಕೆಂಪಿನ ಜೊತೆ ಹೋಯ್ತು, ನೋಡು.”

“ಪಾಪ, ಹುಡುಗಿಯಾಗಿರಬೇಕು.”

ಗುಳಿಯೊಳಗೆ ಅವಳ ಬೆರಳಿಗೆ ಅವನ ಬೆರಳು ತಾಗಿತು. ಅವನು ತೆಗೆಯಲಿಲ್ಲ. ಮರುದಿನವೂ ತೆಗೆಯಲಿಲ್ಲ.

ಮೂರು ತಿಂಗಳ ಮೇಲೆ ಮಾವ ಬಾಯಿ ಬಿಟ್ಟ: ಭಾನುವಾರ ಬೆಳ್ತಂಗಡಿಯಿಂದ ವರನ ಕಡೆಯವರು, ಅಂದೇ ವೀಳ್ಯ. ವೀಳ್ಯ ಕೈ ಬದಲಾದರೆ ಮುಗಿಯಿತು, ಆಮೇಲೆ ತಲೆ ಚಚ್ಚಿಕೊಂಡರೂ ಮಾತು ಹಿಂದೆ ಬರುವುದಿಲ್ಲ. ರಾಜೀವಿ ಪಾಠದ ಪುಸ್ತಕದಲ್ಲೇ ಫ್ರೆಂಚಿನಲ್ಲಿ ಬರೆದು ಶಂಭುವಿಗೆ ಕೊಟ್ಟಳು: “ಮಾಸ್ಟ್ರೇ, ನಾನು ನಿಮ್ಮನ್ನು ಪ್ರೀತಿಸುತ್ತೇನೆ. ನೀವು ಒಂದು ಮಾತು ಹೇಳಿದರೆ ಈ ಮದುವೆಗೆ ಒಪ್ಪುವುದಿಲ್ಲ.”

ಭಾನುವಾರ ಬೆಳಿಗ್ಗೆ ಶಂಭು ಪುಸ್ತಕ ಹಿಂದೆ ಕೊಟ್ಟ. ಪ್ರತಿ ಪದಕ್ಕೂ ಕೆಂಪು ಶಾಯಿಯ ಗೆರೆ ಎಳೆದು ಬುಡ, ಬಾಲ ಬಿಡಿಸಿದ್ದ. ಎರಡು ತಪ್ಪು ತಿದ್ದಿದ್ದ. ಕೆಳಗೆ, “ಉತ್ತಮ. ಹತ್ತಕ್ಕೆ ಎಂಟು.”

“ಅರ್ಥ ಆಗ್ಲಿಲ್ವಾ?”

“ಆಯ್ತು. ವರ ಭೋಜ ಪಾಂಡಿಚೇರಿ ಕಾಲೇಜಿನಲ್ಲಿ ದೊಡ್ಡ ಜನ. ಫ್ರೆಂಚ್ ಬಲ್ಲ ಹೆಂಡತಿ ಬೇಕಂತೆ. ನಿನ್ನನ್ನು ತಯಾರು ಮಾಡಿದರೆ ನನಗಲ್ಲಿ ಕೆಲಸ ಕೊಡಿಸ್ತಾರೆ. ನಿನ್ನ ಮಾವನಿಗೂ ಗೊತ್ತುಂಟು.”

“ಮತ್ತೆ ಆ ಬೆರಳು?”

“ಪಾಠ ಬೇಗ ಹತ್ತಲಿ ಅಂತ.”

ಅಯ್ಯೋ, ಎಷ್ಟು ಸಲೀಸಾಗಿ ಹೇಳಿಬಿಟ್ಟ! ರಾಜೀವಿಯ ಎದೆ ಉರಿಯಿತು. ಆದರೂ ಮುಖ ತೊಳೆದು, ಹೂ ಮುಡಿದು ಚಾವಡಿಗೆ ಬಂದಳು. ಭೋಜ ವೀಳ್ಯದ ಹರಿವಾಣದ ಮುಂದೆ ಕೂತಿದ್ದ, ಶಂಭು ಪಕ್ಕದ ಕಂಬದ ಬಳಿ.

“ಏನೆಲ್ಲ ಕಲಿತಿದ್ದೀರಿ?” ಎಂದ ಅವನು ಮೆಲ್ಲಗೆ.

ರಾಜೀವಿ ಪುಸ್ತಕ ಬಿಡಿಸಿ ವೀಳ್ಯದೆಲೆಯ ಮೇಲಿಟ್ಟಳು. ಭೋಜ ಓದಿದ. ಆ ಕೆಂಪು ಶಾಯಿಯನ್ನು ಇನ್ನೊಮ್ಮೆ ಓದಿ ಶಂಭುವಿನ ಕಡೆ ತಿರುಗಿದ.

“ಇಷ್ಟೆಲ್ಲ ಗೊತ್ತಿದ್ದೂ ನನ್ನಲ್ಲಿ ಹೇಳದೆ ಮಾರ್ಕು ಹಾಕಿ ಕೂತಿರಾ? ನೀವು ಪಾಂಡಿಚೇರಿಗೆ ಬರುವುದು ಬೇಡ.”

ಹರಿವಾಣ ಅಲ್ಲೇ ಉಳಿಯಿತು. ಬಂದವರು ಬಾಯಾರಿಕೆಯ ಪಾನಕಕ್ಕೂ ನಿಲ್ಲದೆ ಎದ್ದರು. ಮುಂಡಪ್ಪಣ್ಣ ಎಲ್ಲರೆದುರು ಅವಳ ಕೆನ್ನೆಗೆ ಬಾರಿಸಿದ. ಇನ್ನು ಅವಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲ, ಅದು ಅವಳಿಗೂ ಗೊತ್ತಿತ್ತು.

ಅಂಗಳದಲ್ಲಿ ಶಂಭು ಅವಳನ್ನು ತಡೆದ. “ನನ್ನ ಬದುಕೇ ಹೋಯ್ತು. ನಿನಗೆ ಕರುಣೆ ಇಲ್ವಾ, ರಾಜೀವಿ?”

“ಉಂಟು, ಮಾಸ್ಟ್ರೇ. ಇಲ್ಲದಿದ್ದರೆ ಬೆರಳಿನ ಸಂಗತಿಯನ್ನೂ ಹೇಳ್ತಿದ್ದೆ.”

ಅವನು ಬೇಲಿಯ ತಡಮೆ ದಾಟಿ ರಸ್ತೆಗಿಳಿಯುವವರೆಗೆ ನೋಡಿದಳು. ಆಮೇಲೆ ಒಳಗೆ ಹೋಗಿ, ಕೆನ್ನೆ ಉರಿಯುತ್ತಿದ್ದಂತೆಯೇ ಕೂತು, ಚೆನ್ನೆಮಣೆಯ ಗುಳಿಗಳಿಂದ ಬೀಜ ತೆಗೆದಳು. ಹಾಳಾದವನ ಮೇಲೆ ಪ್ರೀತಿ ಇನ್ನೂ ಹಾಗೇ ಇತ್ತು.