ಅಮ್ಮನ ಕೆಮ್ಮು

"ಕೆಮ್ಮು ಬಿಟ್ಟರೆ ಬೇರೆ ಏನಾದರೂ ತೊಂದರೆ ಇದೆಯಾ?" ಪರಿಮಳಾ ಡಾಕ್ಟರ್ ಕೇಳಿದರು.

"ಎಂತದೂ ಇಲ್ಲ ಡಾಕ್ಟ್ರೇ. ಶೀತ ಆಗಿದೆ, ಅಷ್ಟೇ." ಅಷ್ಟು ಹೇಳುವಷ್ಟರಲ್ಲಿ ಅಮ್ಮ ಎರಡು ಸಲ ಉಸಿರೆಳೆದುಕೊಂಡಳು.

ಪ್ರತಿಭಾ ಸ್ಟೂಲಿನ ಮೇಲೆ ಕುಳಿತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಅಪ್ಪ ಹೊರಗೆ ಚೀಟಿ ಮಾಡಿಸಲು ನಿಂತಿದ್ದ. ಕಾನಸೂರಿನಿಂದ ಶಿರಸಿಗೆ ಬರುವಾಗ ಅಮ್ಮ ಅವಳ ಕಿವಿಯಲ್ಲಿ ಹೇಳಿದ್ದಳು, "ಟವೆಲಿನ ವಿಷ್ಯ ಯಾರ ಹತ್ರನೂ ಹೇಳ್ಬೇಡ. ನಾಳೆ ನೀ ಯಲ್ಲಾಪುರಕ್ಕೆ ಹೋಗೋದು ತಪ್ಪಿ ಹೋಗ್ತದೆ."

ನಾಳೆ ಯಲ್ಲಾಪುರದಲ್ಲಿ ಖೋಖೋ ಮ್ಯಾಚ್. ಪ್ರತಿಭಾ ಶಾಲೆಯ ಟೀಮಿಗೆ ಸೇರಿದ್ದು ಇದೇ ಮೊದಲು. ಅದಕ್ಕೇ ಅವಳೂ ಹೂಂ ಎಂದಿದ್ದಳು.

ಡಾಕ್ಟರ್ ಅಮ್ಮನ ಬೆರಳಿಗೆ ಒಂದು ಕ್ಲಿಪ್ ಹಾಕಿ, ಅದರಲ್ಲಿ ಕಂಡ ಅಂಕಿಯನ್ನು ಬರೆದುಕೊಂಡರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು.

"ಕಫ ಕಟ್ಟಿದ ಹಾಗಿಲ್ಲ. ಆದರೂ ಉಸಿರು ಸಾಲ್ತಿಲ್ಲ. ಯಾಕೆ?"

ಹೇಳಿದರೆ ಅಮ್ಮನಿಗೆ ಸಿಟ್ಟು ಬರುತ್ತದೆ. ಖೋಖೋನೂ ಹೋಯಿತು. ಪ್ರತಿಭಾ ತಲೆ ಎತ್ತಿದಳು. ಅಮ್ಮನ ತುಟಿ ನೇರಳೆ ತಿಂದವರ ತುಟಿಯಂತಾಗಿತ್ತು.

"ಡಾಕ್ಟ್ರೇ, ಬೆಳಿಗ್ಗೆ ಕೆಮ್ಮಿದಾಗ ರಕ್ತ ಬಂತು. ಅಮ್ಮ ಟವೆಲು ತೊಳೆದು ಹಾಕಿದ್ಳು."

"ಪ್ರತಿಭಾ..." ಎಂದಳು ಅಮ್ಮ.

"ಅಮ್ಮನ ಎಡಗಾಲೂ ಊದಿದೆ. ಜಾರಿ ಬಿದ್ದು ಮೂರು ವಾರ ಪ್ಲಾಸ್ಟರ್ ಇತ್ತು. ಮೊನ್ನೆ ತೆಗೆಸಿದ್ವಿ."

ಡಾಕ್ಟರ್ ಟೇಪ್ ತಂದು ಅಮ್ಮನ ಎರಡೂ ಕಾಲು ಅಳೆದರು. ಮಂಡಿಯ ಕೆಳಗೆ ಎಡಗಾಲು ಬಲಗಾಲಿಗಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು ದಪ್ಪವಿತ್ತು. ಒತ್ತಿದಾಗ ಅಮ್ಮ ಕಣ್ಣು ಮುಚ್ಚಿಕೊಂಡಳು.

"ತುಂಬ ದಿನ ಕಾಲು ಆಡಿಸದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು," ಡಾಕ್ಟರ್ ಪ್ರತಿಭಾಳಿಗೂ ತಿಳಿಯುವಂತೆ ಹೇಳಿದರು. "ಅದರ ಚೂರು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿರಬಹುದು. ಹೌದೋ ಅಲ್ಲವೋ, ಸ್ಕ್ಯಾನ್ ಮಾಡಿದರೆ ಗೊತ್ತಾಗ್ತದೆ."

ಅಮ್ಮನಿಗೆ ಆಕ್ಸಿಜನ್ ಹಾಕಿ, ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದೊಯ್ದರು. ಅಪ್ಪನ ಮುಖ ಬಿಳಿಚಿಕೊಂಡಿತ್ತು. ಸ್ಕ್ಯಾನ್ ರೂಮಿನ ಬಾಗಿಲಲ್ಲಿ ಅಮ್ಮ "ಹೆದ್ರಬೇಡ" ಎಂದಳು. ಆದರೆ ಒಳಗಿನಿಂದ ಎರಡು ಸಲ ಕರೆದರೂ ಪ್ರತಿಭಾಳ ಕೈ ಬಿಡಲಿಲ್ಲ.

ಅರ್ಧ ಗಂಟೆಯ ಮೇಲೆ ಡಾಕ್ಟರ್ ಅಪ್ಪನನ್ನು ಕಂಪ್ಯೂಟರಿನ ಹತ್ತಿರ ಕರೆದರು. ಪ್ರತಿಭಾಳೂ ಇಣುಕಿದಳು. ಬಿಳಿ ಕೊಂಬೆಗಳಂಥ ರಕ್ತನಾಳಗಳ ನಡುವೆ ಒಂದು ಕಡೆ ಬೂದು ಬಣ್ಣದ ಗುರುತಿತ್ತು.

"ಹೆಪ್ಪುಗಟ್ಟಿದ್ದು ಇದೇ. ಇಂಜೆಕ್ಷನ್ ಶುರು ಮಾಡಿದ್ದೇವೆ. ಕೆಲವು ದಿನ ಇಲ್ಲೇ ಇರಲಿ. ಆಮೇಲೆ ಕೆಲವು ತಿಂಗಳು ಮಾತ್ರೆ," ಎಂದರು ಡಾಕ್ಟರ್. "ಶೀತ ಅಂತ ಔಷಧಿ ಬರೆದು ಕಳಿಸಿದ್ದರೆ ಕಷ್ಟ ಇತ್ತು."

ಮರುದಿನ ಹತ್ತು ಗಂಟೆಗೆ ಪ್ರತಿಭಾ ಅಮ್ಮನಿಗೆ ಗಂಜಿ ಕುಡಿಸಿದಳು. ಅಮ್ಮನ ತುಟಿಗೆ ಮೊದಲಿನ ಬಣ್ಣ ಬಂದಿತ್ತು.

"ಈಗ ಮ್ಯಾಚ್ ಶುರುವಾಗಿರ್ಬೇಕು," ಎಂದಳು ಅಮ್ಮ. "ಬೇಜಾರಾಯ್ತಾ?"

ಇಲ್ಲ ಎನ್ನಲು ಪ್ರತಿಭಾ ಬಾಯಿ ತೆರೆದಳು. ಆಮೇಲೆ, "ಆಯ್ತು," ಎಂದಳು.

"ನಿನ್ನೆ ನಂಗೆ ತುಂಬ ಹೆದ್ರಿಕೆ ಆಗಿತ್ತು," ಎಂದಳು ಅಮ್ಮ.

ಅಮ್ಮನ ಬಾಯಲ್ಲಿ ಈ ಮಾತನ್ನು ಪ್ರತಿಭಾ ಯಾವತ್ತೂ ಕೇಳಿರಲಿಲ್ಲ. ಅವಳು ಬಟ್ಟಲು ಕೆಳಗಿಟ್ಟು, ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಕುಳಿತಳು.